ಅಕ್ಕಿ ಎಣಿಸಲು ಬಂದವರು

ನನಗೆ ಯಾವುದನ್ನೂ ಒಂದೇ ಸಲಕ್ಕೆ ನಂಬಿ ಅಭ್ಯಾಸವಿಲ್ಲ. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಕೊಂಡರೆ ಮೊದಲು ಅದರ ಬೆನ್ನು ತಿರುಗಿಸಿ ತಾರೀಕು ನೋಡುತ್ತೇನೆ. ಆಮೇಲೆ ಆ ತಾರೀಕನ್ನು ಉಗುರಿನಿಂದ ಕೆರೆದು ಅದರಡಿ ಇನ್ನೊಂದು ತಾರೀಕೇನಾದರೂ ಅಡಗಿದೆಯೇ ಎಂದು ನೋಡುತ್ತೇನೆ. ಆಟೋದವನು ಕೇಳದೆಯೇ ಮೀಟರ್ ಹಾಕಿದರೆ ಸಂತೋಷಪಡುವ ಬದಲು, ಇವನು ಏಕೆ ಹಾಕಿದ ಎಂದು ಮನೆ ಬರುವವರೆಗೂ ಯೋಚಿಸುತ್ತೇನೆ. ಯಾರಾದರೂ ಹೊಗಳಿದರಂತೂ ಆ ದಿನವೆಲ್ಲ ನೆಮ್ಮದಿಯಿಲ್ಲ.

ಇದು ಹುಟ್ಟುಗುಣವಲ್ಲ, ಓದಿನಿಂದ ಬಂದದ್ದು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚಪಡುವಷ್ಟು ಸುಲಭವಾಗಿ ಅದು ಕೈಗೆ ಬಂದಿಲ್ಲ. ಅಪ್ಪ, ಅವ್ವ ಕೊಪ್ಪಳದ ಕಡೆಯಿಂದ ಬಂದು, ಬೊಮ್ಮನಹಳ್ಳಿಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದು, ಕಟ್ಟಡಗಳಿಗೆ ಇಟ್ಟಿಗೆ, ಜಲ್ಲಿ ಹೊತ್ತು ನನ್ನನ್ನು ಬಿ.ಎಸ್ಸಿ.ವರೆಗೆ ಓದಿಸಿದರು. ಮನೆಯಲ್ಲಿ ಅಕ್ಷರ ಬಲ್ಲವರು ಒಬ್ಬರೇ ಇದ್ದರೆ ಏನಾಗುತ್ತದೆ ಎಂದರೆ, ಆ ಸಾಲಿನ ಎಲ್ಲ ಮನೆಗಳ ಕಾಗದಗಳೂ ಅವರ ಮುಂದೆ ಬಂದು ಬೀಳುತ್ತವೆ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಆಸ್ಪತ್ರೆಯ ಚೀಟಿ ಎಲ್ಲವೂ ನನ್ನ ಕೈಗೆ ಬರುತ್ತಿದ್ದವು. ತಂದುಕೊಟ್ಟವರು ಯಾರೂ ಇದರಲ್ಲಿ ಏನು ಬರೆದಿದೆ ಎಂದು ಕೇಳುತ್ತಿರಲಿಲ್ಲ. "ಏನರ ಮೋಸ ಐತೇನು ನೋಡವ್ವಾ" ಎಂದೇ ಕೇಳುತ್ತಿದ್ದರು. ಬೇರೆ ಮಕ್ಕಳು ಕಥೆ ಓದುತ್ತ ಓದು ಕಲಿತರೆ ನಾನು ಮೋಸ ಹುಡುಕುತ್ತ ಕಲಿತೆ.

ಮುಂದೆ ಸಿಕ್ಕ ಕೆಲಸವೂ ಅದೇ. ಜಿಗಣಿಯ ಒಂದು ಕಾರ್ಖಾನೆಯಲ್ಲಿ, ಹೊರಗಿನಿಂದ ಬರುವ ಬಿಡಿಭಾಗಗಳನ್ನು ಒಳಗೆ ಬಿಡಬೇಕೋ ವಾಪಸ್ಸು ಕಳಿಸಬೇಕೋ ಎಂದು ಪರೀಕ್ಷೆ ಮಾಡುವ ವಿಭಾಗ ನನ್ನದು. ಸರಿ ಎಂದು ಸಾಬೀತಾಗುವ ತನಕ ಎಲ್ಲವೂ ತಪ್ಪೇ ಎನ್ನುವುದು ಅಲ್ಲಿನ ಮೊದಲ ನಿಯಮ. ನಾನು ಆ ನಿಯಮವನ್ನು ಸಂಜೆ ಗೇಟಿನಲ್ಲಿ ಬಿಟ್ಟು ಬರುವುದಿಲ್ಲ, ಮನೆಗೂ ತರುತ್ತೇನೆ ಎಂದು ಅವ್ವನ ದೂರು.

ಇಂಥ ನನ್ನನ್ನು ಆ ಗುಣವೇ ಒಂದು ಬೇಸಿಗೆಯಲ್ಲಿ ಕೆರೆಯ ದಂಡೆಗೆ ಕರೆದೊಯ್ದು ನಿಲ್ಲಿಸಿತು. ಅಲ್ಲಿ ನಿಂತ ಮೇಲೆ ಗೊತ್ತಾಯಿತು, ಆ ಕೆರೆಯ ಹೆಸರು ಹೊರಗೆ ಬಿದ್ದರೆ ಒಬ್ಬ ಹೆಂಗಸಿನ ಹಸುಗಳಿಗೆ ಮೇವು ತಪ್ಪುತ್ತದೆ; ಹೊರಗೆ ಬೀಳದಿದ್ದರೆ ಕೆರೆಯೇ ತಪ್ಪಿಹೋಗಬಹುದು. ಎರಡು ಕಡೆಯೂ ಅನುಮಾನಕ್ಕೆ ಜಾಗವಿದ್ದಾಗ ನನ್ನಂಥವಳು ಏನು ಮಾಡಬೇಕು?

ಮೊದಲಿನಿಂದ ಹೇಳುತ್ತೇನೆ. ನಮ್ಮ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ಪ್ರಸನ್ನ ಎಂಬ ಹುಡುಗ ಇದ್ದಾನೆ. ತಂದೆ ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕ್ವಾರ್ಟರ್ಸಿನ ಮರಗಳ ನಡುವೆ ಬೆಳೆದದ್ದಕ್ಕೋ ಏನೋ, ಅವನಿಗೆ ಹಕ್ಕಿಗಳ ಹುಚ್ಚು. ಒಂದು ಸೋಮವಾರ ಊಟದ ಹೊತ್ತಿಗೆ ಮೊಬೈಲ್ ಹಿಡಿದು ಬಂದ. ಬಿಳಿ ನೆಲ, ಸ್ವಲ್ಪ ನೀರು, ನೀರಿನಲ್ಲಿ ಉದ್ದ ಕಾಲಿನ ಹಕ್ಕಿಗಳ ಒಂದು ಸಾಲು.

"ರಾಜಹಂಸ ಕಣ್ರೀ ರೇಣುಕಾ. ಫ್ಲೆಮಿಂಗೋ. ಇಲ್ಲೇ, ನಮ್ಮ ಆನೇಕಲ್ ತಾಲ್ಲೂಕಲ್ಲೇ," ಎಂದ.

ನಾನು ಮೊಬೈಲ್ ಇಸಿದುಕೊಂಡು ಚಿತ್ರವನ್ನು ಹಿಗ್ಗಿಸಿದೆ. ಕಾಲುಗಳ ನೆರಳು ಒಂದೇ ಕಡೆ ಬಿದ್ದಿದೆಯೇ, ಒಂದೇ ಹಕ್ಕಿಯನ್ನು ಅಂಟಿಸಿ ಅಂಟಿಸಿ ಸಾಲು ಮಾಡಿದ್ದಾನೆಯೇ ಎಂದು ಒಂದೊಂದನ್ನೂ ನೋಡಿದೆ. ಅವನು ತಾಳ್ಮೆಯಿಂದ ಅನ್ನ ಸಾರು ಕಲಸುತ್ತ ಕೂತ. ಕೊನೆಗೆ, "ಭಾನುವಾರ ಬನ್ನಿ, ಖುದ್ದಾಗಿ ಇನ್‌ಸ್ಪೆಕ್ಷನ್ ಮಾಡಿ, ರಿಜೆಕ್ಟ್ ಆದ್ರೆ ವಾಪಸ್ ಕಳಿಸೋಣ," ಎಂದ. ನಾನು ಒಪ್ಪಿಕೊಂಡೆ. ಹಕ್ಕಿ ನೋಡುವ ಆಸೆಯಿಂದ ಅಲ್ಲ. ಸುಳ್ಳು ಹಿಡಿಯುವ ಆಸೆಯಿಂದ.

ಶನಿವಾರ ಅವ್ವನಿಗೆ, ನಾಳೆ ಬೆಳಗಾಗುವ ಮೊದಲೇ ಹೊರಡಬೇಕು, ರಾಜಹಂಸ ಇದೆ ಎಂದೆ. ಸರ್ಕಾರಿ ಬಸ್ಸುಗಳಲ್ಲಿ ರಾಜಹಂಸ ಎಂಬ ಒಂದು ದರ್ಜೆ ಇರುವುದು, ಹಬ್ಬಕ್ಕೆ ಊರಿಗೆ ಹೋಗುವಾಗ ಅದರ ಮೆತ್ತನೆಯ ಸೀಟನ್ನು ಅವ್ವ ಕಣ್ಣಲ್ಲೇ ಸವರುವುದು ನನಗೆ ಆ ಕ್ಷಣ ಮರೆತಿತ್ತು. "ಕಿಡಕಿ ಸೀಟ್ ಸಿಕ್ಕೈತೇನು?" ಎಂದಳು. ನಾನು ಯಾವುದೋ ಗುಂಗಿನಲ್ಲಿ ಹೂಂ ಎಂದೆ. ಬೆಳಿಗ್ಗೆ ಎದ್ದರೆ ಬುತ್ತಿ ಕಟ್ಟಿದ್ದಳು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಊರಿನ ಚಿಕ್ಕಮ್ಮನಿಗೆಂದು ಒಂದು ಸೀರೆ. ಹಕ್ಕಿ ನೋಡಲು ಎಂದಾಗ ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅನುಮಾನ ನಮ್ಮ ಮನೆಯಲ್ಲಿ ನನ್ನೊಬ್ಬಳಿಗೇ ಇದೆ ಎಂದುಕೊಂಡಿದ್ದೆ. ಸೀರೆ ಹಿಂದಕ್ಕೆ ಹೋಯಿತು, ರೊಟ್ಟಿ ನನ್ನ ಜೊತೆ ಬಂತು.

ಜಿಗಣಿ ದಾಟಿ, ಕಲ್ಲು ಕ್ವಾರಿಗಳನ್ನು ದಾಟಿ, ಡಾಂಬರು ಮುಗಿದು ಮಣ್ಣು ರಸ್ತೆ ಶುರುವಾದ ಮೇಲೆ ಆ ಕೆರೆ. ಮಳೆಗಾಲದಲ್ಲಿ ಬೇರೆ ಕೆರೆಗಳ ಹಾಗೆಯೇ ಇರುತ್ತದಂತೆ. ಬಿಸಿಲು ಏರಿದಂತೆ ನೀರು ನಡುವಿಗೆ ಸರಿದು, ಸುತ್ತಲೂ ಬಿಳಿಯ ಚೌಳು ಎದ್ದು, ನೆಲದ ಮೇಲೆ ಯಾರೋ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ನಮ್ಮ ಕಡೆ ಇದಕ್ಕೆ ಸವಳು ಎನ್ನುತ್ತಾರೆ. ನನ್ನ ಮೊದಲ ಅನುಮಾನ ಅಲ್ಲೇ ಎದ್ದಿತು: ಇದು ಭೂಮಿಯ ಉಪ್ಪೋ, ಯಾವುದಾದರೂ ಕಾರ್ಖಾನೆ ಕದ್ದು ಬಿಟ್ಟ ನೀರಿನ ಉಪ್ಪೋ? ಕೈಚೀಲದಲ್ಲಿ ಲಿಟ್ಮಸ್ ಕಾಗದ ಇಟ್ಟುಕೊಂಡೇ ಹೋಗಿದ್ದೆ. ಏರಿಯಿಂದಲೇ ಕೈಚಾಚಿ ಅಂಚಿನ ಒದ್ದೆ ಮಣ್ಣಿಗೆ ತಾಗಿಸಿದೆ, ಕೆಂಪು ನೀಲಿಯಾಯಿತು. ಕ್ಷಾರ ಎಂದು ಗೊತ್ತಾಯಿತೇ ಹೊರತು ಯಾರ ಕ್ಷಾರ ಎಂದು ಕಾಗದ ಹೇಳಲಿಲ್ಲ. ಕಾರ್ಖಾನೆಗಳು ಬರುವ ಎಷ್ಟೋ ಮೊದಲು, ಸೋಪು ಹಳ್ಳಿ ಸೇರುವ ಮೊದಲು, ಅಗಸರು ಬಟ್ಟೆ ಒಗೆಯಲು ಇದೇ ಕೆರೆಯ ಚೌಳುಮಣ್ಣನ್ನು ಕತ್ತೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದರು ಎಂದು ಆಮೇಲೆ ತಿಳಿದು, ಕಾರ್ಖಾನೆಗಳನ್ನು ಈ ಒಂದು ವಿಷಯದಲ್ಲಿ ಬಿಟ್ಟುಬಿಟ್ಟೆ.

ಪ್ರಸನ್ನ ಕಾರಿನಲ್ಲೇ ನಿಯಮಗಳನ್ನು ಹೇಳಿದ್ದ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ. ಮಾತು ಮೆಲ್ಲಗೆ. ಕೆರೆಯ ಏರಿಯಿಂದ ಕೆಳಗೆ ಇಳಿಯುವಂತಿಲ್ಲ. ದೂರದಿಂದಲೇ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ದುರ್ಬೀನಿನಲ್ಲಿ ನೋಡಬೇಕು. ಮುಖ್ಯವಾದದ್ದು ಕತ್ತಿನ ನಿಯಮ. ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿದ್ದರೆ ನಾವು ಸರಿಯಾದ ದೂರದಲ್ಲಿದ್ದೇವೆ ಎಂದರ್ಥ. ಒಂದೆರಡು ಕತ್ತು ಎದ್ದರೆ ನಿಲ್ಲಬೇಕು. ಎಲ್ಲ ಕತ್ತುಗಳೂ ಎದ್ದು, ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗಿದರೆ ನಾವು ಹಿಂದೆ ಸರಿಯಬೇಕು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಹಾರಿಬಿಡುತ್ತವೆ. ದೂರದಿಂದ ಹಾರಿಬಂದು, ಹೊಟ್ಟೆ ತುಂಬಿಸಿಕೊಳ್ಳುತ್ತಿರುವವರನ್ನು ನಮ್ಮ ಖುಷಿಗಾಗಿ ಊಟದಿಂದ ಎಬ್ಬಿಸಬಾರದು, ಅಷ್ಟೆ.

ಆ ನಿಯಮ ಕೇಳಿ ನನಗೆ ಆ ಹಕ್ಕಿಗಳ ಮೇಲೆ ಗೌರವ ಬಂತು. ಅವು ನಮ್ಮ ಡಿಪಾರ್ಟ್‌ಮೆಂಟಿನವು.

ದುರ್ಬೀನಿನಲ್ಲಿ ಕಣ್ಣಿಟ್ಟೆ. ನಿಜವಾದ ಹಕ್ಕಿಗಳೇ. ಆದರೆ ಬಣ್ಣ? ಚಿತ್ರದಲ್ಲಿ ಕಂಡ ಗುಲಾಬಿ ಎಲ್ಲೂ ಇಲ್ಲ. ಹತ್ತು ಸಲ ಒಗೆದ ಸೀರೆಯ ಹಾಗೆ, ಬಿಳಿಯಲ್ಲಿ ಗುಲಾಬಿಯ ನೆನಪು ಮಾತ್ರ ಉಳಿದಿದೆ. "ನೋಡಿದ್ರಾ, ಫೋಟೋಗೆ ಬಣ್ಣ ಹಾಕಿದ್ದೀರಿ," ಎಂದು ಪ್ರಸನ್ನನನ್ನು ಹಿಡಿದೆ. ಸ್ವಲ್ಪ ಜಾಸ್ತಿ ಮಾಡಿದ್ದೆ ಎಂದು ಒಪ್ಪಿಕೊಂಡ. ಆಮೇಲೆ, ಇವುಗಳ ಕೆಂಪು ಇರುವುದು ರೆಕ್ಕೆಯ ಒಳಗೆ, ಹಾರಿದಾಗ ಮಾತ್ರ ಕಾಣುತ್ತದೆ ಎಂದ. ಅಂದರೆ ಇವುಗಳ ಚೆಲುವು ಪೂರ್ತಿ ಕಾಣಬೇಕಾದರೆ ಇವುಗಳನ್ನು ಹೆದರಿಸಬೇಕು. ಹೆದರಿಸಬಾರದು ಎಂದಾದರೆ ಒಗೆದ ಸೀರೆಯಲ್ಲೇ ತೃಪ್ತಿಪಡಬೇಕು. ಇದೆಂಥ ಏರ್ಪಾಡು ಎಂದು ನಾನು ಯೋಚಿಸುತ್ತ ಕೂತೆ.

ಶಾಲೆಯಲ್ಲಿ ನಮಗೆ ಹಂಸದ ಬಗ್ಗೆ ಬಹಳ ಹೇಳಿಕೊಟ್ಟಿದ್ದರು. ಹಾಲು, ನೀರು ಬೆರೆಸಿಟ್ಟರೆ ಹಾಲನ್ನಷ್ಟೇ ಕುಡಿದು ನೀರನ್ನು ಬಿಡುತ್ತದೆ ಎಂದು ಮೇಷ್ಟ್ರು ಹೇಳಿದಾಗ, ಯಾರು ಪರೀಕ್ಷೆ ಮಾಡಿದ್ದಾರೆ ಸಾರ್ ಎಂದು ಕೇಳಿ ಬೆಂಚಿನ ಮೇಲೆ ನಿಂತವಳು ನಾನು. ಈಗ ದುರ್ಬೀನಿನಲ್ಲಿ ನೋಡಿದರೆ, ಈ ರಾಜಹಂಸ ತಲೆಯನ್ನೇ ತಲೆಕೆಳಗು ಮಾಡಿ, ಬಾಗಿದ ಕೊಕ್ಕನ್ನು ನೀರಿಗಿಟ್ಟು, ನಾಲಿಗೆಯಿಂದ ನೀರನ್ನು ಎಳೆದು ಹೊರಗೆ ತಳ್ಳುತ್ತ, ಕೊಕ್ಕಿನಂಚಿನ ಜರಡಿಯಲ್ಲಿ ಉಳಿದ ಪಾಚಿ ಹುಳುಗಳನ್ನು ನುಂಗುತ್ತಿದೆ. ಬೇಕಾದದ್ದು ಒಳಗೆ, ಬೇಡದ್ದು ಹೊರಗೆ. ಮೇಷ್ಟ್ರು ಪೂರ್ತಿ ಸುಳ್ಳು ಹೇಳಿರಲಿಲ್ಲ ಎಂದು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳಬೇಕಾಯಿತು. ಹಾಲಿನ ವಿಷಯ ಮಾತ್ರ ಇನ್ನೂ ಬಾಕಿ ಇದೆ.

ನಡಿಗೆಯ ಬಗ್ಗೆ ಹೇಳಬೇಕು. ಚೆಲುವೆಯರನ್ನು ಹಂಸದ ಹಾಗೆ ನಡೆದರು ಎಂದು ಹೊಗಳುತ್ತಾರಲ್ಲ, ಅದು ಈ ಹಂಸವಾಗಿದ್ದರೆ ಆ ಹೊಗಳಿಕೆ ನಮ್ಮ ಬೊಮ್ಮನಹಳ್ಳಿಗೂ ಸಲ್ಲುತ್ತದೆ. ಮಳೆ ಬಂದು ಹೊಸೂರು ರಸ್ತೆಯಲ್ಲಿ ನೀರು ನಿಂತಾಗ, ಗಾರ್ಮೆಂಟ್ಸಿನ ಹೆಂಗಸರು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು, ಅಡಿಯಲ್ಲಿ ಗುಂಡಿ ಇದೆಯೋ ಇಲ್ಲವೋ ಎಂದು ಪ್ರತಿ ಹೆಜ್ಜೆಯನ್ನೂ ಕೇಳಿ ಕೇಳಿ ಇಡುತ್ತ ಗೇಟಿನ ಕಡೆ ಸಾಲಾಗಿ ಹೋಗುತ್ತಾರೆ. ಅದೇ ನಡಿಗೆ. ಕೂದಲೆಳೆಯೂ ವ್ಯತ್ಯಾಸವಿಲ್ಲ.

ನಾವು ಹೀಗಿರುವಾಗ ಹಿಂದಿನಿಂದ ಒಂದು ದನಿ ಬಂತು.

"ಯಾರವ್ವಾ ನೀವು? ಸರ್ವೆಯೋರಾ?"

ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಕೋಲು, ಹಿಂದೆ ಎರಡು ಸೀಮೆಹಸು. ಕಣ್ಣು ನಮ್ಮ ಮೇಲಿರಲಿಲ್ಲ, ಮೂರು ಕಾಲಿನ ಸ್ಟ್ಯಾಂಡಿನ ಮೇಲಿತ್ತು. ಈ ಕಡೆಯ ಹಳ್ಳಿಗಳಲ್ಲಿ ಮೂರು ಕಾಲಿನ ಮೇಲೆ ಏನನ್ನಾದರೂ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡುವವರು ಎಂದರೆ ಜಮೀನು ಅಳೆಯುವವರು. ಅವರು ನೋಡಿಹೋದ ಮೇಲೆ ಆ ಜಾಗ ಮೊದಲಿನ ಹಾಗೆ ಉಳಿಯುವುದಿಲ್ಲ.

"ಅಲ್ಲಮ್ಮ, ಹಕ್ಕಿ ನೋಡೋಕೆ ಬಂದಿದ್ದೀವಿ," ಎಂದ ಪ್ರಸನ್ನ.

"ಓ, ಓದ್ವಾರ ಅಕ್ಕಿ ಎಣಿಸಿದ್ದು ನೀನೇಯಾ?"

"ಅಕ್ಕಿ ಅಲ್ಲಮ್ಮ. ಹಕ್ಕಿ."

"ನಾನೂ ಅದೇ ಕಣಪ್ಪ ಏಳ್ತಿರಾದು. ಅಕ್ಕಿ."

ಮುನಿಯಮ್ಮ ಎಂದು ಅವರ ಹೆಸರು. ಅವರು ಹೇಳಿದ ಕಥೆ ಹೀಗೆ. ಹೋದ ವಾರ ಪ್ರಸನ್ನ ಒಬ್ಬನೇ ಬಂದು ಎಣಿಸುತ್ತಿದ್ದಾಗ ದಾರಿಹೋಕನೊಬ್ಬ ಏನು ಮಾಡ್ತಿದೀರಿ ಎಂದು ಕೇಳಿದ್ದಾನೆ. ಹಕ್ಕಿ ಎಣಿಸ್ತಿದೀನಿ ಎಂದು ಇವನು ಸತ್ಯವನ್ನೇ ಹೇಳಿದ್ದಾನೆ. ಹಕಾರವಿಲ್ಲದ ಊರನ್ನು ಮುಟ್ಟುವ ಹೊತ್ತಿಗೆ ಅದು ಅಕ್ಕಿಯಾಗಿದೆ. ಅಕ್ಕಿ ಎಣಿಸಲು ಸರ್ಕಾರದವರು ಬಂದಿದ್ದಾರೆ, ಏರಿಯ ಮೇಲೆ ಮಿಷನ್ನು ಇಟ್ಟುಕೊಂಡು ಒಂದೊಂದು ಮನೆಯೊಳಕ್ಕೂ ನೋಡುತ್ತಿದ್ದಾರೆ, ಯಾರ ಮನೆಯಲ್ಲಿ ಬೈಕು, ಟಿ.ವಿ. ಕಂಡರೂ ಅವರ ರೇಷನ್ ಕಾರ್ಡು ರದ್ದು. ಅರ್ಧ ಗಂಟೆಯಲ್ಲಿ ಊರು ಬಡವಾಗಿದೆ. ಟಿ.ವಿ.ಗಳು ಕಂಬಳಿ ಹೊದ್ದು ಮಲಗಿವೆ.

"ನನ್ ಮಗ ಬೈಕ್ ತಕಂಡೋಗಿ ಉಲ್ಲಿನ ಮೆದೇಲಿ ತುರುಕ್ಬುಟ್ಟ. ಇನ್ನೂ ಉಲ್ಲು ಕೀಳ್ತಾವ್ನೆ ಸೈಲೆನ್ಸರಿಂದ," ಎಂದರು ಮುನಿಯಮ್ಮ.

ನಾವು ನಕ್ಕೆವು, ಅವರೂ ನಕ್ಕರು. ಆದರೆ ಯೋಚಿಸಿ ನೋಡಿ, ಆ ಊರಿನ ತರ್ಕದಲ್ಲಿ ಎಲ್ಲಿ ತಪ್ಪಿದೆ? ಎರಡು ಅರ್ಥದ ಒಂದು ಮಾತು ಕಿವಿಗೆ ಬಿದ್ದಿದೆ. ಹಕ್ಕಿಯನ್ನು ಎಣಿಸಲು ಯಾರಾದರೂ ಪೆಟ್ರೋಲು ಸುಟ್ಟುಕೊಂಡು ಬರುತ್ತಾರೆಯೇ? ಇಲ್ಲ. ಅಕ್ಕಿಯನ್ನು ಎಣಿಸಲು ಬರುತ್ತಾರೆಯೇ? ಖಂಡಿತ ಬರುತ್ತಾರೆ, ಅದೂ ಬಡವರ ಅಕ್ಕಿಯನ್ನು. ನಾನಾದರೂ ಇದನ್ನೇ ತೀರ್ಮಾನಿಸುತ್ತಿದ್ದೆ. ನಮ್ಮ ಸಾಲಿನಲ್ಲಿ ಯಾರಾದರೂ ಹೀಗೆ ಬಂದಿದ್ದರೆ, ನಮ್ಮ ಮಿಕ್ಸಿಯನ್ನು ಮೊದಲು ಅಡಗಿಸುತ್ತಿದ್ದವಳು ಬಿ.ಎಸ್ಸಿ. ಓದಿದ ನಾನೇ.

ಮುನಿಯಮ್ಮ ದುರ್ಬೀನಿನಲ್ಲಿ ಇಣುಕಿದರು. ಇದ್ಯಾವ ಅಕ್ಕಿ ಎಂದು ಕೇಳಿದರು. ರಾಜಹಂಸ, ಹಾಲು ನೀರು ಬೇರೆ ಮಾಡುತ್ತೆ ಅಂತಾರೆ ಎಂದೆ.

"ಅಂಗಾದ್ರೆ ಡೈರಿಯೋರು ಒಂದು ಇಡ್ಕಂಡೋಗಿ ಸಾಕ್ಕಳ್ಳಿ. ದಿನಾ ಬೆಳಿಗ್ಗೆ ನಮ್ ಆಲಿಗೆ ಮೀಟರ್ ಬುಟ್ಟು ನಮ್ ಮುಖ ನೋಡಾದು ತಪ್ತದೆ," ಎಂದರು. ಆಮೇಲೆ ಪ್ರಸನ್ನನ ಕಡೆ ತಿರುಗಿ, "ಎಣಿಸಿದ್ದನ್ನ ಎಲ್ಲಿ ಬರೀತೀಯಪ್ಪ?" ಎಂದರು.

"ಇಂಟರ್‌ನೆಟ್ಟಲ್ಲಿ ಕಣಮ್ಮ. ಮ್ಯಾಪಲ್ಲಿ ಜಾಗ ಗುರುತು ಹಾಕ್ತೀವಿ. ಯಾರ್ ಬೇಕಾದ್ರೂ ನೋಡ್ಬೋದು."

ಮುನಿಯಮ್ಮನ ಮುಖ ಬಿಗಿಯಿತು. ಪಕ್ಕದ ಊರಿನ ಕೆರೆಗೂ ಹೀಗೆಯೇ ಆಯಿತಂತೆ. ಹಕ್ಕಿ ಬಂದವು, ಪೇಪರಿನಲ್ಲಿ ಫೋಟೋ ಬಂತು, ಕಾರುಗಳು ಬಂದವು, ಆಮೇಲೆ ಕೆರೆ ಚೆಂದ ಮಾಡುತ್ತೇವೆಂದು ಸುತ್ತ ತಂತಿಬೇಲಿ ಬಂತು, ಗೇಟು ಬಂತು. ಹಸು ಒಳಗೆ ಬಿಡುವಂತಿಲ್ಲ ಎಂದು ಬೋರ್ಡು ಬಂತು.

"ನಮ್ಮಕ್ಕನ ಕೊಟ್ಟಿರಾದು ಆ ಊರಿಗೇಯ. ಇದ್ದ ಅಸಾನೆಲ್ಲ ಮಾರ್ಬುಟ್ಲು. ಅಕ್ಕಿನೂ ಓದ್ವು. ಈಗ ಅಲ್ಲಿ ದಪ್ಪಕಿರೋರು ಬಂದು ಸುಮ್ಸುಮ್ನೆ ಸುತ್ತು ಒಡೀತಾರೆ." ಕೋಲಿನಿಂದ ನೆಲ ಕೆದಕಿದರು. "ನೀವ್ ನೋಡ್ಕಳಿ, ಎಣಿಸ್ಕಳಿ, ನಾನ್ ಬ್ಯಾಡ ಅನ್ನಲ್ಲ. ಊರೆಸರು ಮಾತ್ರ ಏಳ್ಬ್ಯಾಡಿ. ಬೇಸ್ಗೇಲಿ ನನ್ ಅಸುಗೊಳಿಗೆ ಈ ಕೆರೆ ಅಂಚಿನ್ ಗರಿಕೆ ಬುಟ್ರೆ ಇನ್ನೇನೂ ಇಲ್ಲ."

ವಾಪಸ್ಸು ಬರುವಾಗ ಕಾರಿನಲ್ಲಿ ನಮಗಿಬ್ಬರಿಗೂ ಜಗಳವಾಯಿತು. ಹೆಸರು ಹಾಕಬೇಡಿ ಎಂದೆ. ಪ್ರಸನ್ನ ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. "ನೀವು ಒಂದೇ ಕಡೆ ಅನುಮಾನ ಪಡ್ತೀರ ಕಣ್ರೀ. ಇಲ್ಲೊಂದು ಕೆರೆ ಇದೆ, ಅದ್ರಲ್ಲಿ ಹಕ್ಕಿ ಇದೆ ಅಂತ ಎಲ್ಲೂ ದಾಖಲೆ ಇಲ್ಲದಿದ್ರೆ ಏನಾಗುತ್ತೆ ಗೊತ್ತಾ? ಒಂದಿನ ರಾತ್ರೋರಾತ್ರಿ ಕಟ್ಟಡ ಒಡೆದ ಡೆಬ್ರಿ ಲಾರಿ ಲಾರಿ ತಂದು ಸುರೀತಾರೆ. ಮಾರನೇ ವರ್ಷ ಸೈಟು. ಆಗ ಹಸು ಎಲ್ಲಿ ಮೇಯುತ್ತೆ?" ಎಂದ.

ಅವನ ಮಾತಿನಲ್ಲಿ ನಾನು ಮೋಸ ಹುಡುಕಿದೆ. ಸಿಗಲಿಲ್ಲ. ಬೇಗೂರಿನ ಆಸುಪಾಸಿನಲ್ಲಿ ಕೆರೆಯ ಹೆಸರಿನ ಬಡಾವಣೆಗಳು ಎಷ್ಟಿವೆ ಎಂದು ನಾನು ಬಲ್ಲೆ; ಅಲ್ಲೇ ಒಂದರಲ್ಲಿ ನಮ್ಮ ಈಗಿನ ಬಾಡಿಗೆ ಮನೆ. ಮುನಿಯಮ್ಮನ ಮಾತಿನಲ್ಲಿ ಹುಡುಕಿದೆ. ಅಲ್ಲೂ ಸಿಗಲಿಲ್ಲ. ಪರೀಕ್ಷೆಗೆ ಬಂದ ಎರಡು ಮಾಲೂ ಸರಿಯಾಗಿದ್ದು, ಎರಡೂ ಒಂದಕ್ಕೊಂದು ಕೂಡದಿದ್ದರೆ ಯಾವುದಕ್ಕೆ ಸಹಿ ಹಾಕಬೇಕು ಎಂದು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಹೋದ ವಾರದ ಎಣಿಕೆಯನ್ನೂ ಅವನು ಇನ್ನೂ ಹಾಕಿರಲಿಲ್ಲ. ಕೊನೆಗೆ ಇನ್ನೊಂದು ವಾರ ಏನನ್ನೂ ಬರೆಯುವುದು ಬೇಡ ಎಂದು ರಾಜಿಯಾದೆವು. ಊರು, ಕೆರೆ ಯಾವುದನ್ನೂ ಹೇಳದೆ ಒಂದು ಫೋಟೋ ಮಾತ್ರ ತನ್ನ ಗೆಳೆಯರ ಗುಂಪಿಗೆ ಕಳಿಸುವುದಕ್ಕೆ ಅವನು ಒಪ್ಪಿಗೆ ಕೇಳಿದ. ಕಳಿಸುವ ಮೊದಲು ನಾನೇ ಪರೀಕ್ಷಿಸಿದೆ. ಈ ಸಲ ಬಣ್ಣ ಇದ್ದ ಹಾಗೇ ಇತ್ತು. ಸರಿ ಎಂದೆ.

ಮುಂದಿನ ಭಾನುವಾರ ಹೋದರೆ ಏರಿಯ ಕೆಳಗೆ ಒಂದು ಕಾರು ನಿಂತಿದೆ. ಕೆಂಪು ಟೀ-ಶರ್ಟಿನ ಒಬ್ಬ ಮನುಷ್ಯ ತೋಳುದ್ದದ ಲೆನ್ಸು ಹಿಡಿದು ಚೌಳಿನ ಮೇಲೆ ನೀರಿನ ಕಡೆಗೆ ನಡೆಯುತ್ತಿದ್ದಾನೆ. ಬಿಳಿಯ ಪದರ ಅವನ ಬೂಟಿನಡಿ ಹಪ್ಪಳದ ಹಾಗೆ ಮುರಿಯುವುದು ನಮಗೆ ಕೇಳಿಸುತ್ತಿತ್ತು. ಮೊದಲು ಒಂದು ಕತ್ತು ಎದ್ದಿತು. ಆಮೇಲೆ ನಾಲ್ಕು. ಆಮೇಲೆ ಎಲ್ಲವೂ. ಸಾಲು ಮೆಲ್ಲಗೆ ಆಚೆ ದಡದ ಕಡೆ ನಡೆಯತೊಡಗಿತು. ಆ ಮನುಷ್ಯ ನಿಂತ. ಕ್ಯಾಮೆರಾ ಕಣ್ಣಿಗೆ ಏರಿಸುವ ಮೊದಲು ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದ.

ಅವು ಎದ್ದವು. ರೆಕ್ಕೆಗಳು ಬಿಚ್ಚಿಕೊಂಡಾಗ ಒಳಗಿನ ಕೆಂಪು ಒಟ್ಟಿಗೆ ಹೊರಬಿತ್ತು, ಕಪ್ಪು ಅಂಚಿನ ಕೆಂಪು, ಮದುವೆಯ ಸೀರೆಗಳ ಗಂಟನ್ನು ಯಾರೋ ಬಿಳಿ ನೆಲದ ಮೇಲೆ ಒಮ್ಮೆಲೇ ಬಿಚ್ಚಿದ ಹಾಗೆ. ಸುಳ್ಳು ಹೇಳುವುದಿಲ್ಲ, ನಾನು ಬಾಯಿ ತೆರೆದುಕೊಂಡು ನೋಡಿದೆ. ಅಷ್ಟು ಚೆಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವನಿಗೆ ಏನು ಬೇಕಾಗಿತ್ತೆಂದು ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಮುನಿಯಮ್ಮ ಎಲ್ಲಿಂದಲೋ ಬಂದು ಅವನನ್ನು ಅಡ್ಡಗಟ್ಟಿದ್ದರು. ನಾವು ಏರಿಯ ತುದಿಗೆ ಓಡಿದೆವು.

"ಯಾರನ್ ಕೇಳಿ ಇಳಿದ್ರಿ ಸ್ವಾಮಿ? ಅಗಾ ನೋಡಿ, ಸರ್ಕಾರದ ಮೇಡಮ್ಮೋರು ಬಂದವ್ರೆ. ಅಕ್ಕಿ ಎಣಿಸೋರು. ಅವರ್ಗೇ ಉತ್ರ ಏಳಿ," ಎಂದು ನನ್ನತ್ತ ಕೋಲು ತೋರಿಸಿದರು.

ನಾನು ಸರ್ಕಾರದವಳು ಎಂದು ನಾನಾಗಿ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಕಾರ್ಖಾನೆಯಲ್ಲಿ ಕೆಟ್ಟ ಮಾಲು ತಂದ ಲಾರಿಯವರ ಮುಂದೆ ಬಳಸುವ ನನ್ನದೊಂದು ದನಿ ಇದೆ. ಜೋರಿಲ್ಲ, ಆದರೆ ಅದಕ್ಕೆ ಎದುರಾಡಿದವರು ಕಡಿಮೆ. ಆ ದನಿಯಲ್ಲಿ, "ಸಾರ್, ಮೊದಲು ಮೇಲೆ ಬನ್ನಿ," ಎಂದೆ. ಅವನು ಬಂದ. ವೈಟ್‌ಫೀಲ್ಡ್ ಕಡೆಯವನು, ಕೆಟ್ಟವನಲ್ಲ, ಅಷ್ಟು ದೂರದಿಂದ ಬಂದದ್ದಕ್ಕೆ ಒಂದು ಒಳ್ಳೆಯ ಚಿತ್ರವಾದ್ರೂ ಬೇಡ್ವಾ ಮೇಡಂ ಎಂದ. ಅವು ನಿಮಗಿಂತ ದೂರದಿಂದ ಬಂದಿವೆ, ತಿಂಡಿ ಇನ್ನೂ ಮುಗಿದಿರಲಿಲ್ಲ ಎಂದೆ. ತಲೆ ತಗ್ಗಿಸಿದ. ಕಾರು ಹತ್ತುವ ಮೊದಲು, ಈ ಜಾಗ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವನು ಮೊಬೈಲ್ ತೋರಿಸಿದ. ಪ್ರಸನ್ನನ ಅದೇ ಫೋಟೋ. ಹಕ್ಕಿಗಳ ಹಿಂದೆ, ಮಸುಕಾಗಿ, ಊರಿನ ನೀರಿನ ಓವರ್‌ಹೆಡ್ ಟ್ಯಾಂಕು. ಟ್ಯಾಂಕಿನ ಹೊಟ್ಟೆಯ ಮೇಲೆ ಪಂಚಾಯಿತಿಯವರು ದಪ್ಪ ಅಕ್ಷರಗಳಲ್ಲಿ ಊರಿನ ಹೆಸರನ್ನು ಬರೆಸಿದ್ದರು.

ನಾನು ಆ ಚಿತ್ರದ ಪ್ರತಿ ಹಕ್ಕಿಯನ್ನೂ ಅನುಮಾನದಿಂದ ನೋಡಿದ್ದೆ. ಟ್ಯಾಂಕನ್ನು ನಂಬಿಬಿಟ್ಟಿದ್ದೆ.

ಹಕ್ಕಿಗಳು ಎರಡು ಸುತ್ತು ಹಾಕಿ, ಪುಣ್ಯಕ್ಕೆ, ಆಚೆ ದಡದಲ್ಲಿ ಇಳಿದವು. ಪ್ರಸನ್ನ ಅಲ್ಲೇ ಕೂತು ಆ ಫೋಟೋ ತೆಗೆಸಲು ಒಬ್ಬೊಬ್ಬರಿಗೂ ಫೋನು ಮಾಡಿದ. ಎಣಿಕೆಯನ್ನು ಜಾಲತಾಣಕ್ಕೆ ಕೊಟ್ಟ, ಆದರೆ ಗುರುತನ್ನು ಕೆರೆಯ ಮೇಲೆ ಇಡದೆ ಇಡೀ ತಾಲ್ಲೂಕಿನ ಮೇಲೆ ಇಟ್ಟ. ಹಾಗೆ ಮರೆಸಿಡುವ ಏರ್ಪಾಡು ಅಲ್ಲಿ ಮೊದಲಿಂದಲೂ ಇತ್ತಂತೆ. ಹಕ್ಕಿಗೆ ತೊಂದರೆಯಾಗುವುದಾದರೆ ಬಳಸಬಹುದಂತೆ. ಹಸುವಿಗೆ ತೊಂದರೆಯಾಗುವುದಾದರೆ ಎಂದು ಅಲ್ಲಿ ಬರೆದಿರಲಿಲ್ಲ, ನಾವು ಸೇರಿಸಿಕೊಂಡೆವು. ಮುಂದೆ ಯಾರಾದರೂ ಮಣ್ಣು ಸುರಿಯಲು ಬಂದರೆ ಆಗ ಪೂರ್ತಿ ಹೆಸರು ಹೇಳುವುದು, ಅಲ್ಲಿಯವರೆಗೆ ಇಲ್ಲ. ಕಾಯುವ ಕೆಲಸ ಮುನಿಯಮ್ಮನದು. ಲಾರಿ ಕಂಡರೆ ಫೋನು ಮಾಡುತ್ತಾರೆ. ಇದರಿಂದ ಬೇಲಿ ಎಂದಿಗೂ ಬರುವುದಿಲ್ಲ ಎಂದು ನಾನು ಬರೆದುಕೊಡಲಾರೆ. ಆ ಬೇಸಿಗೆಗೆ ಬರಲಿಲ್ಲ.

ನೀರು ಇಂಗುವ ಹೊತ್ತಿಗೆ ಹಕ್ಕಿಗಳು ಹೋದವು. ಕಡೆಯ ಸಲ ಹೋದಾಗ ನಡು ಕೆರೆ ಪೂರ್ತಿ ಬಿಳಿಯಾಗಿತ್ತು, ಅಂಚಿನಲ್ಲಿ ಹಸುಗಳು ಗರಿಕೆ ಕಚ್ಚುತ್ತಿದ್ದವು. ಮುನಿಯಮ್ಮ ನಮಗೆ ನೆರಳಿನಲ್ಲಿ ಜಾಗ ಕೊಟ್ಟು, ನನ್ನ ಕಡೆ ತಿರುಗಿದರು.

"ನಿನ್ ಮನೆ ಎಲ್ಲವ್ವಾ?"

"ಬೇಗೂರಲ್ಲಿ," ಎಂದೆ.

"ಬೇಗೂರಲ್ಲಿ ಎಲ್ಲಿ?"

ನಾನು ತಡವರಿಸಿದೆ. ಇವರಿಗೇಕೆ ಬೇಕು, ಏನು ಉದ್ದೇಶ, ಹೇಳಿದರೆ ಏನಾದೀತು ಎಂದು ತಲೆಯೊಳಗೆ ಎಲ್ಲ ಕತ್ತುಗಳೂ ಒಮ್ಮೆಲೇ ಎದ್ದು ನಿಂತವು. ಅದು ನನ್ನ ಮುಖದಲ್ಲೂ ಕಂಡಿರಬೇಕು. ಮುನಿಯಮ್ಮ ಎಲೆಅಡಿಕೆ ಬಾಯಿಗಿಟ್ಟುಕೊಂಡು ನಕ್ಕರು.

"ನೋಡ್ದಾ? ನಿಂಗೂ ಏಳಕ್ಕೆ ಮನಸ್ಸಿಲ್ಲ. ಓಗ್ಲಿ ಬುಡು, ತಪ್ಪೇನಿಲ್ಲ."

ನಾನು ಹೇಳಿದೆ. ಯಾವ ಅಡ್ಡರಸ್ತೆ, ಎಷ್ಟನೇ ಮನೆ, ಕೆಳಗಿನ ಹಿಟ್ಟಿನ ಗಿರಣಿಯ ಗುರುತು, ಅವ್ವ ಮಧ್ಯಾಹ್ನ ಮನೆಯಲ್ಲೇ ಇರುತ್ತಾಳೆ ಎಂಬುದನ್ನೂ ಸೇರಿಸಿ ಹೇಳಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿದರು.

"ಬತ್ತೀನಿ ಒಂದಿನ, ನೋಡ್ಕಂಡ್ ಓಗಕ್ಕೆ," ಎಂದರು. "ದೂರದಿಂದ್ಲೇಯ."

ಇನ್ನೂ ಬಂದಿಲ್ಲ. ಆದರೆ ಈಗೀಗ ನಮ್ಮ ಬೀದಿಯಲ್ಲಿ ಯಾರಾದರೂ ಅಪರಿಚಿತರು ನಿಂತು ನಮ್ಮ ಮನೆಯ ಕಡೆ ನೋಡಿದರೆ ನಾನು ಮುಂಚಿನಂತೆ ಎದ್ದುಹೋಗಿ ಕಿಟಕಿ ಮುಚ್ಚುವುದಿಲ್ಲ. ಕತ್ತು ಎತ್ತಿ ಒಂದು ಸಲ ಚೆನ್ನಾಗಿ ನೋಡುತ್ತೇನೆ. ಅವರು ಇನ್ನೊಂದು ಹೆಜ್ಜೆ ಮುಂದೆ ಇಡದಿದ್ದರೆ, ಬಗ್ಗಿ ಊಟ ಮುಂದುವರಿಸುತ್ತೇನೆ.